ಗುಬ್ಬಿಯ ಪಾಲು

ಟಾಂಗಾದ ಹಿಂದಿನ ಹಲಗೆಯ ಮೇಲೆ, ಕುದುರೆಗೆ ಬೆನ್ನು ಹಾಕಿ ಕುಳಿತರೆ ದಾರಿ ತನ್ನಿಂದ ದೂರ ಓಡುತ್ತದೆ. ಮಾಡಿದ್ದೆಲ್ಲ ಹಿಂದೆ ಬೀಳುತ್ತಿದೆ ಎಂದು ಸ್ವಲ್ಪ ಹೊತ್ತು ನಂಬಬಹುದು. ಅಮೃತ ಅದಕ್ಕಾಗಿಯೇ ಆ ಹಲಗೆಯನ್ನು ಆರಿಸಿಕೊಂಡಿದ್ದಳು. ಆದರೆ ಆಳಂದ ಬಿಟ್ಟು ಮಟಕಿಯ ದಾರಿ ಹಿಡಿದು ಅರ್ಧ ಗಂಟೆಯಾದರೂ ಹಿಂದೆ ಬಿದ್ದದ್ದು ದೂಳು ಮಾತ್ರ, ಗುಬ್ಬಿ ಬೀಳಲಿಲ್ಲ. ಅದು ಅವಳ ತೊಡೆಯ ಮೇಲಿದ್ದ ಕರಿಯ ರಟ್ಟಿನ ಪುಸ್ತಕದೊಳಗೆ, ಸುವಾರ್ತೆಯ ಒಂದು ಪುಟದಲ್ಲಿ, ಹಾಯಾಗಿ ಕುಳಿತಿತ್ತು. ಮೂರು ವಾರದ ಹಿಂದೆ ಅದನ್ನು ಅಲ್ಲಿಗೆ ಬಿಟ್ಟವಳು ಅವಳೇ. ಅಲ್ಲಿ ಅಚ್ಚಾಗಿದ್ದ ಪ್ರಾಣಿ ಬೇರೆ. ಕಥೆ ಚಿಕ್ಕದು. ಯೇಸು ತನ್ನ ಸೀಮೆ ದಾಟಿ ಹೋದಾಗ ಅನ್ಯಕುಲದ ಒಬ್ಬ ತಾಯಿ, ಮಗಳಿಗೆ ದೆವ್ವ ಬಡಿದಿದೆ ಬಿಡಿಸು ಎಂದು ಕೂಗುತ್ತ ಬೆನ್ನು ಹತ್ತುತ್ತಾಳೆ. ಆತ ಮಾತಾಡುವುದಿಲ್ಲ. ಇವಳನ್ನು ಕಳಿಸಿಬಿಡು, ಒದರುತ್ತಾಳೆ ಎನ್ನುತ್ತಾರೆ ಶಿಷ್ಯರು. ಕೊನೆಗೆ ಆತ ಬಾಯಿ ಬಿಟ್ಟಾಗ ಬಂದ ಮಾತು: ಮಕ್ಕಳ ರೊಟ್ಟಿ ತೆಗೆದು ನಾಯಿಗಳಿಗೆ ಹಾಕುವುದು ಚಂದವಲ್ಲ. ಆ ತಾಯಿ ಸುಮ್ಮನಾಗುವುದಿಲ್ಲ. ಖರೆ ಸ್ವಾಮಿ, ಆದರೂ ಯಜಮಾನರ ಮೇಜಿನಿಂದ ಬಿದ್ದ ಚೂರು ನಾಯಿಗಳಿಗೂ ಸಿಗುತ್ತದಲ್ಲ ಎನ್ನುತ್ತಾಳೆ. ಆತ ಬೆರಗಾಗುತ್ತಾನೆ, ಮಗಳು ಗುಣವಾಗುತ್ತಾಳೆ.

ಇದನ್ನು ಅಮೃತ ಬೋರ್ಡಿಂಗಿನಲ್ಲಿ ಕಡಿಮೆಯೆಂದರೂ ನಲವತ್ತು ಸಲ ಓದಿದ್ದಳು, ಪರೀಕ್ಷೆಯಲ್ಲಿ ಇದರ ಮೇಲೆ ಬರೆದು ಒಳ್ಳೆಯ ಅಂಕ ಪಡೆದಿದ್ದಳು. ಶೀರ್ಷಿಕೆ ಕೂಡ ನೆನಪಿತ್ತು, ‘ವಿನಯದ ಫಲ’. ಆದರೆ ಮೂರು ವಾರದ ಹಿಂದೆ ಮಟಕಿಯ ಕೇರಿಯ ಬೇವಿನ ಮರದ ಕೆಳಗೆ ಹದಿನೆಂಟು ಹೆಂಗಸರು ಎದುರಿಗೆ ಕುಳಿತಿದ್ದಾಗ, ಬೆರಳು ಸಾಲಿನ ಮೇಲೆ ಸರಿಯುತ್ತ ಬಂದು ಆ ಶಬ್ದದ ಹತ್ತಿರ ನಿಂತುಬಿಟ್ಟಿತು. ಹಿಂದಿನ ದಿನ ಸಂಜೆ ಈ ಹೆಂಗಸರಲ್ಲಿ ಅರ್ಧ ಮಂದಿ ಊರೊಳಗಿನ ಹಿತ್ತಲ ಬಾಗಿಲುಗಳಲ್ಲಿ ನಿಂತು ಸೆರಗೊಡ್ಡಿ ರೊಟ್ಟಿ ತಂದಿದ್ದರು. ಮರದ ಬೇರಿಗೆ ಮೈ ಚಾಚಿ ಒಂದು ಕೆಂದು ನಾಯಿ ಮಲಗಿತ್ತು; ಅದು ಕೂಡ ಕಥೆ ಕೇಳುತ್ತಿರುವ ಹಾಗೆ ಒಂದು ಕಿವಿ ಎತ್ತಿತ್ತು. ಇವರಿಗೆ ಹೇಗೆ ಓದಿ ಹೇಳುವುದು. ಅಮೃತಳ ಕಣ್ಣು ಮೇಲೆ ಹೋಯಿತು, ಕೊಂಬೆಯ ಮೇಲೆ ಒಂದು ಗುಬ್ಬಿ ಕಂಡಿತು, ಬಾಯಿ ಗುಬ್ಬಿ ಎಂದಿತು. ಅಷ್ಟೇ ಆದದ್ದು. ‘ಮಕ್ಕಳ ರೊಟ್ಟಿ ಗುಬ್ಬಿಗಳಿಗೆ ಹಾಕುವುದು ಚಂದವಲ್ಲ.’ ಆ ರಾತ್ರಿ ಆಳಂದದ ತನ್ನ ಕೋಣೆಯಲ್ಲಿ ಅವಳು ಎಷ್ಟೋ ದಿನದ ಮೇಲೆ ಸುಖವಾಗಿ ನಿದ್ರೆ ಮಾಡಿದ್ದಳು. ತಾನು ಬಲು ಕರುಣಾಳು ಎಂದು ಅನಿಸಿತ್ತು. ಈಗ ಯೋಚಿಸಿದರೆ ಅವಳಿಗೆ ನಾಚಿಕೆಯಾಗುವುದು ಗುಬ್ಬಿಯ ಬಗ್ಗೆ ಅಲ್ಲ, ಆ ನಿದ್ರೆಯ ಬಗ್ಗೆ.

ಮಿಶನ್ನಿನ ದೊರೆಸಾನಿ ಮಿಸ್ಸಮ್ಮನ ಚೀಟಿ ನಿನ್ನೆ ಬಂದಿತ್ತು. ನಾಳೆ ಮಧ್ಯಾಹ್ನ ಮಟಕಿಗೆ ಬರುತ್ತೇನೆ, ಹೆಂಗಸರು ಕಲಿತ ಕಥೆಗಳನ್ನು ಅವರ ಬಾಯಿಂದಲೇ ಕೇಳುತ್ತೇನೆ. ಕೆಳಗೆ, ಮಿಸ್ಸಮ್ಮನ ದುಂಡನೆಯ ಕನ್ನಡ ಅಕ್ಷರಗಳಲ್ಲಿ, ಕೇಳಬೇಕೆಂದಿರುವ ಮೂರು ಕಥೆಗಳ ಪಟ್ಟಿ, ಮೂರನೆಯದು ಅದೇ. ಮಿಸ್ಸಮ್ಮ ಕೆಟ್ಟವಳಲ್ಲ. ಕಳೆದ ಚಳಿಯಲ್ಲಿ ಅಮೃತಳಿಗೆ ಕೆಮ್ಮು ಬಂದಾಗ ತನ್ನ ಉಣ್ಣೆಯ ಶಾಲನ್ನು ಯಾರಿಗೂ ಹೇಳದೆ ಕಿಟಕಿಯಲ್ಲಿಟ್ಟು ಹೋದವಳು. ಆದರೆ ವಾಕ್ಯದ ವಿಷಯ ಬಂದರೆ ಆಕೆಗೆ ಶಾಲು ಇಲ್ಲ, ಚಳಿಯೂ ಇಲ್ಲ. ಅಫಜಲಪುರದ ಉಪದೇಶಿ ದತ್ತಪ್ಪ, ವೇದದ ಕಥೆಯಲ್ಲಿ ಪ್ರವಾದಿಯನ್ನು ನುಂಗಿದ್ದು ಮೀನಲ್ಲ, ಭೀಮಾ ನದಿಯ ಮೊಸಳೆ ಎಂದು ಹೇಳಿದ್ದ. ನದಿ ದಂಡೆಯ ಜನ, ಮನುಷ್ಯನನ್ನು ನುಂಗುವ ಮೀನು ಎಂದರೆ ನಗುತ್ತಾರೆ, ಮೊಸಳೆ ಎಂದರೆ ಕೈ ಮುಗಿಯುತ್ತಾರೆ ಎಂಬುದು ಅವನ ವಾದ. ಈಗ ಅವನು ಜೇವರ್ಗಿಯಲ್ಲಿ ಮಿಶನ್ನಿನ ಎತ್ತುಗಳನ್ನು ನೋಡಿಕೊಂಡಿದ್ದಾನೆ; ಅವಕ್ಕೆ ಏನು ಹೇಳಿದರೂ ನಡೆಯುತ್ತದೆ. ಅಮೃತಳಿಗೆ ಎತ್ತು ಕಟ್ಟಲೂ ಬರುವುದಿಲ್ಲ. ಈ ಕೆಲಸ ಹೋದರೆ ಆಳಂದದ ಆ ಒಂದು ಕೋಣೆ ಹೋಗುತ್ತದೆ, ‘ವೇದ ಓದುವ ಅಮೃತಬಾಯಿ’ ಎಂಬ ಹೆಸರು ಹೋಗುತ್ತದೆ, ಅದರ ಕೆಳಗೆ ಮತ್ತೊಂದು ಹೆಸರು ಇಟ್ಟುಕೊಂಡವಳಲ್ಲ ಅವಳು. ಮಿಸ್ಸಮ್ಮ ಬರುವುದರೊಳಗೆ ಮಟಕಿ ಮುಟ್ಟಬೇಕು, ಹದಿನೆಂಟು ಬಾಯಿಗಳಿಂದ ಗುಬ್ಬಿಯನ್ನು ಹೊರಗೆ ತೆಗೆದು ನಾಯಿಯನ್ನು ಒಳಗೆ ಹಾಕಬೇಕು.

‘ಏನ್ ಬಾಯಿಸಾಬ್, ಇವತ್ತು ಮಾತೇ ಇಲ್ಲ,’ ಎಂದ ಮುಂದಿನಿಂದ ಬುರಾನುದ್ದೀನ. ವಾರಕ್ಕೊಮ್ಮೆ ಅವಳನ್ನು ಮಟಕಿಯ ತಿರುವಿನವರೆಗೆ ಬಿಡುವವನು ಅವನೇ. ಅಲ್ಲಿಂದ ಕೇರಿಗೆ ಕಾಲುದಾರಿ.

‘ಬುರಾನುದ್ದೀನಭಾಯ್, ಮಿಸ್ಸಮ್ಮನ್ನ ಕರ್ಕೊಂಡು ಬರೋದು ನೀವೇ ಅಲ್ಲೇನ್ರಿ?’

‘ಹೌದ್ರಿ. ನಿಮ್ಮನ್ನ ಇಳಿಸಿ ವಾಪಸ್ ಹೋಗಿ ಅವರನ್ನ ತರ್ತೇನಿ.’

‘ಸ್ವಲ್ಪ ಸಾವಕಾಶ ಬರ್ರಿ.’

ಅವನು ತಿರುಗಿ ನೋಡಲಿಲ್ಲ. ‘ಕುದುರಿಗೆ ಹೇಳಿ ನೋಡ್ತೇನಿ. ಇಪ್ಪತ್ತು ವರ್ಷದಾಗ ನನ್ನ ಮಾತು ಒಮ್ಮೆನೂ ಕೇಳಿಲ್ಲ. ಆದ್ರ ಹಳ್ಳದ ಹತ್ರ ನೀರು ಕುಡೀಲಿಕ್ಕೆ ನಿಂತ್ರ ಜಲ್ದಿ ಏಳೂದಿಲ್ಲ ಅದು.’ ಸ್ವಲ್ಪ ಹೊತ್ತಿನ ಮೇಲೆ ಏನೂ ಕೇಳದೆ, ‘ಇವತ್ತು ಅದಕ್ಕ ಭಾಳ ನೀರಡಿಕಿ ಆಗ್ತದ ಬಿಡ್ರಿ,’ ಎಂದ. ಅಮೃತಳಿಗೆ ಅಳು ಬಂದಂತಾಯಿತು. ದೇವರ ಮಾತನ್ನು ತಿದ್ದಿದವಳಿಗೆ ಸಹಾಯ ಮಾಡಲು ಒಬ್ಬ ಮುಸಲ್ಮಾನ, ಒಂದು ಮುದಿ ಕುದುರೆ. ಮುಂದೆ ಯಾವಾಗಲಾದರೂ ಈ ಕಥೆ ಹೇಳುವಾಗ ಕುದುರೆಯನ್ನೂ ಬದಲಿಸಿ ಒಂಟೆ ಎನ್ನಬಹುದು ಎಂದುಕೊಂಡು ತನ್ನ ಬಗ್ಗೆ ತಾನೇ ಅಸಹ್ಯಪಟ್ಟುಕೊಂಡಳು.

ತಿರುವಿನಲ್ಲಿ ಇಳಿದಾಗ ಎಡಗಾಲಿನ ಚಪ್ಪಲಿಯ ಬಾರು ಕಿತ್ತುಬಂತು. ಕೈಯಲ್ಲಿ ಛತ್ರಿ, ಚೀಲದಲ್ಲಿ ಕಾಯಿಸಿ ಆರಿಸಿದ ನೀರಿನ ಬಾಟಲಿ, ಬಗಲಲ್ಲಿ ಪುಸ್ತಕ, ಒಂದು ಕಾಲಲ್ಲಿ ಚಪ್ಪಲಿ. ಜೋಳದ ಕೂಳೆ ಚುಚ್ಚದ ಹಾಗೆ ಕಾಲು ಎತ್ತಿ ಎತ್ತಿ ಇಡುತ್ತ ನಡೆಯುವಾಗ ತಾನು ಕೊಕ್ಕರೆಯ ಹಾಗೆ ಕಾಣುತ್ತಿರಬೇಕು, ಈ ದಿನ ಪಕ್ಷಿಗಳದ್ದೇ ಆಯಿತು. ಎಂಟು ವರ್ಷದವಳಿದ್ದಾಗ ಇದೇ ಕೂಳೆಯ ಮೇಲೆ ಬರಿಗಾಲಲ್ಲಿ ಓಡುತ್ತಿದ್ದಳು, ಚುಚ್ಚಿದ ನೆನಪಿಲ್ಲ. ಆ ನೆನಪನ್ನು ಅವಳು ಕೂಡಲೇ ಪಕ್ಕಕ್ಕೆ ಸರಿಸಿದಳು. ಮಿಶನ್ನಿನ ದಫ್ತರಿನಲ್ಲಿ ಅವಳ ಊರು ‘ಜೇವರ್ಗಿ ಕಡೆ’ ಎಂದಿತ್ತು. ಊರಿಗೆ ಊರೇ ಜ್ವರದಿಂದ ಮಲಗಿ ಅವ್ವನೂ ತೀರಿಕೊಂಡ ವರ್ಷ ಅವಳನ್ನು ಗಾಡಿಯಲ್ಲಿ ಹಾಕಿಕೊಂಡು ಹೋದ ಪಾದ್ರಿ ಅಲ್ಲಿಂದ ಬಂದಿದ್ದನಾದ್ದರಿಂದ ಅದು ಪೂರ್ತಿ ಸುಳ್ಳಲ್ಲ. ತಾಯಿಯ ಹೆಸರು ಏನು ಮಗೂ ಎಂದು ಬರೆಯುವವನು ಮೂರು ಸಲ ಕೇಳಿದ್ದ. ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ಬಿಡಲಿಲ್ಲ. ‘ತಿಳಿಯದು’ ಎಂದು ಬರೆದುಕೊಂಡು ಅವನು ಒಂದು ಬೆಲ್ಲದ ತುಂಡು ಕೊಟ್ಟ. ತಾಯಿಯ ಹೆಸರನ್ನು ಮಾರಿ ಬೆಲ್ಲ ತಿಂದವಳಿಗೆ ನಾಯಿಯನ್ನು ಗುಬ್ಬಿ ಮಾಡುವುದು ಯಾವ ದೊಡ್ಡ ಮಾತು. ಎರಡು ವರ್ಷದ ಹಿಂದೆ ಮಟಕಿಗೆ ಹೋಗು ಎಂದು ಮಿಸ್ಸಮ್ಮ ಹೇಳಿದಾಗ ಅವಳು ಬೇರೆ ಯಾವ ಊರಾದರೂ ಆದೀತು, ಯಡ್ರಾಮಿಯಾದರೂ ಆದೀತು ಎಂದು ಬೇಡಿಕೊಂಡಿದ್ದಳು. ಕಾರಣ ಹೇಳಲು ಬರಲಿಲ್ಲ. ಬಂದ ಮೇಲೆ ನೋಡಿದರೆ ಯಾರೂ ಗುರುತು ಹಿಡಿಯಲಿಲ್ಲ. ನೆಟ್ಟಗೆ ಉಟ್ಟ ಬಿಳಿ ಸೀರೆ, ಹೆಗಲ ಮೇಲೆ ಪಿನ್ನು, ಕಣ್ಣಿಗೆ ಕನ್ನಡಕ. ಬಚಾವಾದೆ ಎಂದುಕೊಂಡಳು, ಸ್ವಲ್ಪ ಬೇಜಾರೂ ಆಯಿತು.

ಬೇವಿನ ಮರ ಕಾಣುವ ಮೊದಲೇ ಬೀಸುವ ಕಲ್ಲಿನ ಸದ್ದು ಕೇಳಿಸಿತು, ಅದರ ಜೊತೆಗೆ ಹಾಡು. ಹೇಳುತ್ತಿದ್ದವಳು ಬಾಳಮ್ಮ, ಕೇರಿಯಲ್ಲಿ ಎಲ್ಲರಿಗಿಂತ ಹರಿತ ನಾಲಿಗೆಯವಳು.

ಮೇಜಿನ ಕೆಳಗ ಗುಬ್ಬ್ಯಾರು ಕುಂತಾವ
ಜೋಳದ ಚೂರು ಬಿದ್ದಾವ, ನನ ತಂಗಿ
ಸ್ವಾಮಿಯ ಮಾರಿ ನೋಡ್ಯಾವ

ಅಮೃತ ನಿಂತುಬಿಟ್ಟಳು. ತಪ್ಪು ಬಾಯಿಪಾಠವಾಗಿದ್ದರೆ ತಿದ್ದಬಹುದು. ಹಾಡಾದ ಮೇಲೆ ಅದನ್ನು ತಿದ್ದಲು ಯಾವ ಮಿಸ್ಸಮ್ಮನಿಂದಲೂ ಆಗದು. ಇನ್ನು ನೂರು ವರ್ಷ ಈ ಸೀಮೆಯ ಹೆಂಗಸರು ಬೆಳಗಿನ ಜಾವ ಎದ್ದು ಅಮೃತಬಾಯಿಯ ಹೇಡಿತನವನ್ನು ಜೋಳದ ಜೊತೆ ಬೀಸುತ್ತಾರೆ.

‘ಬರ್ರಿ ಬಾಯಾರ,’ ಎಂದಳು ಬಾಳಮ್ಮ ಕಲ್ಲು ನಿಲ್ಲಿಸಿ. ‘ಒಂದ ಚಪ್ಪಲಿ ಮ್ಯಾಲೆ ಬಂದೀರಿ. ಇನ್ನೊಂದು ಯಾರಿಗೆ ಸುಗ್ಗಿ ಆಯ ಅಂತ ಕೊಟ್ರಿ?’

ಹೆಂಗಸರು ನಕ್ಕರು. ಮರದ ಬುಡದಲ್ಲಿ ಮರೆಮ್ಮ ಕುಳಿತಿದ್ದಳು, ಎರಡು ಕಣ್ಣೂ ಹೋದ ಮುದುಕಿ. ಕೇರಿಯಲ್ಲಿ ಅವಳಿಗಿಂತ ಹಿರಿಯರಿರಲಿಲ್ಲ. ಓದುವಾಗಲೆಲ್ಲ ತಲೆ ಓರೆ ಮಾಡಿ ಕೇಳುವಳು, ಒಂದು ಸಾಲು ಬಿಟ್ಟುಹೋದರೂ ಹುಬ್ಬು ಅಲುಗುತ್ತಿತ್ತು. ಅಮೃತಳಿಗೆ ಮಿಸ್ಸಮ್ಮನ ಕಣ್ಣಿಗಿಂತ ಹೆಚ್ಚಿನ ಹೆದರಿಕೆ ಈ ಕಣ್ಣಿಲ್ಲದ ಮುಖದ್ದು. ಹೆಂಗಸರಲ್ಲೊಬ್ಬಳು, ನಿಂಬೆವ್ವ, ಅಮೃತಳ ಕೈಯಿಂದ ಕಿತ್ತ ಚಪ್ಪಲಿಯನ್ನು ಕೇಳದೆಯೇ ತೆಗೆದುಕೊಂಡಳು. ತನ್ನ ಗಂಡನ ಉಳಿ, ದಬ್ಬಣ ತಂದು ಒಂದು ಬದಿಗೆ ಕುಳಿತು ಹೊಲಿಯತೊಡಗಿದಳು. ಬಾರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುವುದನ್ನು ನೋಡಿ ಅಮೃತ ಮುಖ ತಿರುಗಿಸಿದಳು. ಕೂತಳು. ಕನ್ನಡಕ ಒರೆಸಿದಳು. ಬಾಟಲಿಯ ನೀರು ಒಂದು ಗುಟುಕು ಕುಡಿದಳು. ಆಳಂದದಿಂದ ಬರುವಾಗ ಒಂದು ಜಾಣ ದಾರಿ ಯೋಚಿಸಿದ್ದಳು: ಹಳೆಯ ಪುಸ್ತಕದಲ್ಲಿ ಅಚ್ಚಿನ ದೋಷವಿತ್ತು, ಹೊಸದರಲ್ಲಿ ಸರಿಯಾಗಿದೆ ಎನ್ನುವುದು. ಓದು ಬಾರದವರಿಗೆ ಅಚ್ಚಿನ ಮೇಲೆ ತಪ್ಪು ಹೊರಿಸುವುದು ಸುಲಭ. ಅವಳು ಬಾಯಿ ತೆರೆದಳು.

‘ಆ ದಿನ ಓದಿದ್ದು ಇತ್ತಲ್ಲ, ಗುಬ್ಬಿದು,’ ಎಂದಳು. ‘ಪುಸ್ತಕದಾಗ...’

ಮರೆಮ್ಮನ ತಲೆ ಓರೆಯಾಯಿತು.

‘ಪುಸ್ತಕದಾಗ ಗುಬ್ಬಿ ಇಲ್ರಿ,’ ಎಂದುಬಿಟ್ಟಳು ಅಮೃತ. ‘ನಾನೇ ಹಾಕಿದೆ. ಅಲ್ಲಿರೋದು ನಾಯಿ. ನಿಮ್ಮ ಮುಂದ ಅದನ್ನ ಅನ್ನಾಕ ನನಗ ಬಾಯಿ ಬರಲಿಲ್ಲ. ನಿಮ್ಮನ್ನ ನಾಯಿ ಅಂದಂಗ ಆಗ್ತದಂತ...’

ಬೇರಿನ ಮೇಲಿದ್ದ ಕೆಂದು ನಾಯಿ ಮಗ್ಗುಲು ಬದಲಿಸಿತು. ಬಾಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು; ಅಳುತ್ತಿದ್ದಾಳೆ ಎಂದುಕೊಂಡಳು ಅಮೃತ. ಆಮೇಲೆ ಹೆಗಲು ಕುಣಿಯುವುದು ಕಂಡಿತು. ಅವಳು ನಗುತ್ತಿದ್ದಳು.

‘ಗೊತ್ತದರಿ,’ ಎಂದಳು ಬಾಳಮ್ಮ. ‘ನಿಮಗಿಂತ ಮುಂಚೆ, ಅಫಜಲಪುರಕ್ಕ ಹೋಗೂ ಮೊದಲ, ದತ್ತಪ್ಪ ಮಾಸ್ತರು ಬರ್ತಿದ್ರಲ್ಲ ಇಲ್ಲಿಗೆ. ಈ ಕಥಿ ಅವರು ಎರಡು ಸಲ ಓದ್ಯಾರ. ನಾಯಿ ಅಂತನ ಓದಿದ್ರು. ಅವರು ಮೀನಕ್ಕ ಮೊಸಳಿ ಅಂದ್ರು, ನೀವು ನಾಯಿಗೆ ಗುಬ್ಬಿ ಅಂದ್ರಿ. ನಿಮ್ಮ ಮಿಶನ್ನಾಗ ಜೀವರಾಶಿ ಅದಲು ಬದಲು ಮಾಡೋದ ಕೆಲಸ ಏನ್ರಿ?’

‘ಮತ್ತ ಆ ದಿನ ಯಾಕ ಹೇಳಲಿಲ್ಲ?’

‘ಹೇಳಬೇಕಂತಿದ್ದೆ. ಗುಬ್ಬಿ ಮೇಜಿನ ಕೆಳಗ ಯಾಕ ಕಾಯ್ತದರಿ, ಮ್ಯಾಲೆ ಬಂದು ಗಂಗಾಳದಾಗಿಂದನ ತಿಂತದ. ಕೆಳಗ ಕಾಯೋದು ನಾಯಿ, ಇಲ್ಲಾ ನಾವು. ಆದ್ರ ಮರೆಮ್ಮತ್ತಿ ನನ್ನ ತೊಡಿ ಚಿವುಟಿದ್ಳು, ಸುಮ್ನಿರು ಬೇ ಅಂತ. ಹಾಡು ಕಟ್ಟಿದ್ರರ ಕೇಳಿ ಬಾಯಿ ಬಿಡ್ತೀರೇನೋ ಅಂತ ಕಟ್ಟಿದೆ.’

ಅವಳು ಮಾತಾಡುತ್ತಲೇ ಒಳಗೆ ಹೋಗಿ ಒಂದು ಒಣ ರೊಟ್ಟಿ, ಮೇಲೆ ಸೇಂಗಾದ ಹಿಂಡಿ ಹಾಕಿಕೊಂಡು ಬಂದಳು. ಎರಡು ವರ್ಷದಿಂದ ಪ್ರತಿವಾರ ತರುತ್ತಿದ್ದಳು. ಎರಡು ವರ್ಷದಿಂದ ಅಮೃತ ‘ಉಂಡು ಬಂದೇನ್ರಿ’ ಎನ್ನುತ್ತಿದ್ದಳು. ಬೋರ್ಡಿಂಗಿನಲ್ಲಿ ಕಲಿಸಿದ ಶುಚಿತ್ವ ಎಂದು ತನಗೆ ತಾನೇ ಕಾರಣ ಕೊಟ್ಟುಕೊಳ್ಳುತ್ತಿದ್ದಳು. ಇಂದು ಬೇಡ ಎನ್ನಲು ಮುಖವಿರಲಿಲ್ಲ. ಬಾಳಮ್ಮ ನಿಂತೇ ರೊಟ್ಟಿ ಚಾಚಿದಳು; ಕುಳಿತಿದ್ದ ಅಮೃತ, ತೆಗೆದುಕೊಳ್ಳಲು ತಾನು ಕೈ ಎತ್ತಿದೆ ಎಂದೇ ತಿಳಿದಿದ್ದಳು. ಎಲ್ಲರೂ ತನ್ನ ಮಡಿಲನ್ನು ನೋಡುತ್ತಿದ್ದಾರೆ ಎಂದು ಗೊತ್ತಾಗಿ ಕೆಳಗೆ ನೋಡಿದಳು. ಅವಳ ಎರಡು ಕೈಗಳು ಬಿಳಿ ಸೀರೆಯ ಸೆರಗನ್ನು ಎರಡು ತುದಿಯಲ್ಲಿ ಹಿಡಿದು ತೊಟ್ಟಿಲ ಹಾಗೆ ಒಡ್ಡಿ ನಿಂತಿದ್ದವು. ಹೆಗಲಿನ ಪಿನ್ನು ಕಿತ್ತು ನೆಲಕ್ಕೆ ಬಿದ್ದಿತ್ತು. ಮೇಲಿನಿಂದ ಎಸೆದ ರೊಟ್ಟಿ ಕೈಗೆ ತಾಗದ ಹಾಗೆ, ನೆಲಕ್ಕೂ ಬೀಳದ ಹಾಗೆ ಹಿಡಿಯುವುದನ್ನು ಅವಳು ಮಾತು ಕಲಿಯುವುದಕ್ಕೂ ಮೊದಲು ಕಲಿತಿದ್ದಳು. ಇಪ್ಪತ್ತು ವರ್ಷದ ವ್ಯಾಕರಣ, ಹಾರ್ಮೋನಿಯಂ, ಕಾಯಿಸಿದ ನೀರು ಯಾವುದೂ ಆ ಕೈಗಳಿಗೆ ತಲುಪಿರಲಿಲ್ಲ.

‘ಸೆರಗ್ಯಾಕ ಒಡ್ಡಾಕತ್ತೀರಿ?’ ಎಂದಳು ಬಾಳಮ್ಮ, ಈ ಸಲ ನಗದೆ. ‘ನಾ ಏನ್ ಗೌಡಸಾನಿ ಏನು? ಕೈಯಾಗ ಹಿಡೀರಿ.’ ಬಗ್ಗಿ, ರೊಟ್ಟಿಯನ್ನು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮುಚ್ಚಿದಳು.

‘ಸೆರಗ ಒಡ್ಡಿದ್ಳೇನು?’ ಎಂದು ಕೇಳಿದಳು ಮರೆಮ್ಮ. ‘ಒಡ್ಡಲಿ ಬಿಡು. ಮಲ್ಕಮ್ಮನ ಮಗಳು. ಮರೆತಿರ್ತಾಳೇನು?’

ಅಮೃತಳ ಕೈಯಲ್ಲಿ ರೊಟ್ಟಿ ಮುರಿಯಿತು. ‘ನಿಮಗ... ಎಂದಿನಿಂದ ಗೊತ್ತು?’

‘ನೀ ಬಂದ ಮೊದಲನೇ ದಿನದಿಂದ. ಕಣ್ಣಿದ್ದವರು ನಿನ್ನ ಸೀರಿ ನೋಡಿದ್ರು, ಕನ್ನಡಕ ನೋಡಿದ್ರು. ನನಗ ಅವು ಕಾಣಾಂಗಿಲ್ಲ. ನೀ ಓದಾಕ ಸುರು ಮಾಡಿದಿ, ಸಾಲಿನ ಕೊನಿಗೆ ದನಿ ಎಳೆದಿ. ನಿಮ್ಮವ್ವ ಹಿತ್ತಲ ಬಾಗಿಲಿಗೆ ನಿಂತು ಹಂಗ ಎಳೀತಿದ್ಳು. ಇವರಿಗೆಲ್ಲ ನಾನ ಹೇಳಿದೆ, ಮಲ್ಕಮ್ಮನ ಕೂಸು ಬಂದದ, ತಾನಾಗಿ ಹೇಳೂತನಕ ಯಾರೂ ಕೇಳಬ್ಯಾಡ್ರಿ ಅಂತ. ಗುಬ್ಬಿ ಅಂದಾಗೂ ಅದಕ್ಕ ಸುಮ್ನ ಕೂಡಿಸಿದೆ ಬೇ. ನಾಯಿ ಅಂದ್ರ ನಮಗ ಏನಾಗ್ತದ? ದಿನಾ ಕೇಳ್ತೇವಿ. ನಿನಗ ನೋವಾಗ್ತದಂತ ತಿಳೀತು.’

‘ಬೇ’ ಎಂದಿದ್ದಳು. ಎರಡು ವರ್ಷ ‘ಬಾಯಾರ, ಬರ್ರಿ, ಓದ್ರಿ’ ಎಂದ ಬಾಯಿಯಿಂದ ರೀ ಬಿದ್ದುಹೋಗಿತ್ತು. ಹಾಗಾದರೆ ಅವಳು ಇವರ ಮೇಲೆ ಕರುಣೆ ತೋರಿಸಿ ಹೋಗಿ ಸುಖವಾಗಿ ಮಲಗಿದ ಆ ರಾತ್ರಿ, ಹದಿನೆಂಟು ಹೆಂಗಸರು ಅವಳ ಮೇಲೆ ಕರುಣೆಯಿಟ್ಟು ನಾಲಿಗೆ ಕಚ್ಚಿಕೊಂಡು ಕೂತಿದ್ದರು. ದನಿ ಎಳೆಯಬೇಡ, ಎಳೆಯಬೇಡ ಎಂದು ಆರು ವರ್ಷ ಬೋರ್ಡಿಂಗಿನ ಟೀಚರು ಅಳತೆಪಟ್ಟಿಯಿಂದ ಮೇಜು ಬಡಿದಿದ್ದರು. ಹೋಗಿದೆ ಎಂದು ಸರ್ಟಿಫಿಕೇಟಿನಲ್ಲಿ ಬರೆದುಕೊಟ್ಟಿದ್ದರು. ಹಿತ್ತಲ ಬಾಗಿಲು ನೆನಪಾಯಿತು, ಶಾಂತಲಿಂಗಪ್ಪ ಗೌಡರ ಮನೆಯ ಹಿತ್ತಲು, ಸಗಣಿ ಸಾರಿಸಿದ ಕಟ್ಟೆ, ಅದರ ಕೆಳಗೆ ಅವ್ವ, ಅವ್ವನ ಹಿಂದೆ ತಾನು, ತನ್ನ ಹಿಂದೆ ಯಾವಾಗಲೂ ಒಂದು ನಾಯಿ. ಅವ್ವ ಕೂಗುತ್ತಿದ್ದಳು. ಇಡೀ ಓಣಿಗೆ ಕೇಳುವ ಹಾಗೆ ತನ್ನ ಹೆಸರನ್ನು ತಾನೇ ಕೂಗುತ್ತಿದ್ದಳು. ಅದು ಎಷ್ಟು ನಾಚಿಕೆಯಾಗುತ್ತಿತ್ತೆಂದರೆ ಅವಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಆ ಹೆಸರನ್ನು ಬರೆಯುವವನ ಮುಂದೆ ಹೇಳದೆ ನುಂಗಿದ್ದು ಅದಕ್ಕಾಗಿಯೇ.

‘ನಾವೆಲ್ಲ ಯವ್ವಾ, ನೀಡ್ರಿ ಯವ್ವಾ ಅಂತಿದ್ವಿ,’ ಎಂದಳು ಮರೆಮ್ಮ. ‘ನಿಮ್ಮವ್ವ ಹಂಗ ಅಂದಾಕಿ ಅಲ್ಲ. ಮಲ್ಕಮ್ಮ ಬಂದೇನ್ರಿ ಅಂತಿದ್ಳು, ಅಷ್ಟ. ಒಳಗಿಂದ ಅವರು, ಮಲ್ಕಿ ಬಂದಾಳ ಹಾಕ್ರಿ ಅನ್ನೋರು. ಈಕಿ ಮತ್ತ, ಮಲ್ಕಮ್ಮ ರೀ ಅನ್ನೋಳು. ದಿನಾ ಇದ. ಯಾಕ ಬೇ, ರೊಟ್ಟಿ ಹಾಕೋದ ಬಿಟ್ಟಾರು ಅಂದ್ರ, ಬಿಡಾಕ ಅವರಪ್ಪಂದಲ್ಲ, ಹೊಲದಾಗ ನಾ ದುಡಿದದ್ದು, ನನ್ನ ಪಾಲು ಅಂತಿದ್ಳು. ಬೇಡಾಕಿ ಹೆಸರು ಹೇಳಾಂಗಿಲ್ಲ, ತಿಳಕೋ. ಪಾಲು ಇದ್ದಾಕಿ ಹೇಳ್ತಾಳ.’

ಅಮೃತ ಪುಸ್ತಕ ತೆರೆದಳು, ಏಕೆಂದರೆ ಕೈಗೆ ಬೇರೆ ಕೆಲಸ ತಿಳಿಯಲಿಲ್ಲ. ನಾಯಿ ಇದ್ದ ಸಾಲು ಇದ್ದಲ್ಲಿಯೇ ಇತ್ತು. ‘ಓದ್ಲೇನು?’ ಎಂದು ಕೇಳಿದಳು. ಓದಿದಳು, ಆ ಶಬ್ದವನ್ನು ಎರಡು ಸಲವೂ, ಕೊನೆಯನ್ನು ಎಳೆಯುತ್ತ. ಈ ಸಲ ಎಳೆಯುವುದು ತನಗೇ ಕೇಳಿಸಿತು.

‘ಈ ಕಥ್ಯಾಗಿನಾಕಿನೂ ನಿಮ್ಮವ್ವನಂಥಾಕಿನ,’ ಎಂದಳು ಮರೆಮ್ಮ. ‘ಆಕಿ ನಾ ನಾಯಿ ಅಂತ ಒಪ್ಪಿಕೊಂಡಳು ಅಂತ ತಿಳಿದೀರಿ ನೀವೆಲ್ಲ ಓದಿದವರು. ಒಪ್ಪಿಲ್ಲ ಆಕಿ. ನೀ ಏನರ ಅನ್ನು, ಮನ್ಯಾಗಿನ ನಾಯಿಗೂ ಒಂದು ಪಾಲು ಅದನೋ ಇಲ್ಲೋ, ಅದನ್ನ ಮೊದಲು ಹೇಳು ಅಂದ್ಳು. ಆತ ಸೋತ. ಸೋತು ಸಿಟ್ಟಾಗಲಿಲ್ಲ ನೋಡು, ಅದಕ್ಕ ಆತ ದೇವರು. ನಮ್ಮ ಗೌಡ ಮಾತಿನಾಗ ಸೋತ್ರ ಬಾರಕೋಲು ತಗೀತಾನ.’

‘ವಿನಯದ ಫಲ’ ಎಂಬ ತನ್ನ ಉತ್ತರ ಅಮೃತಳಿಗೆ ನೆನಪಾಯಿತು. ಅದಕ್ಕೆ ಕೊಟ್ಟ ಅಂಕವೂ ನೆನಪಾಯಿತು. ಅವಳು ರೊಟ್ಟಿ ಬಾಯಿಗಿಟ್ಟಳು, ಏನೂ ಹೇಳದೆ ಇರಲು ಅದೊಂದೇ ಮರ್ಯಾದೆಯ ದಾರಿ. ಒಣ ರೊಟ್ಟಿಯ ಚೂರುಗಳು ಸೀರೆಯ ಮೇಲಿಂದ ನೆಲಕ್ಕೆ ಉದುರಿದವು. ಕೆಂದು ನಾಯಿ ಒಂದು ಕಣ್ಣು ತೆರೆದು ನೋಡಿ, ಇಷ್ಟಕ್ಕೆ ಏಳಲಾರೆ ಎನ್ನುವಂತೆ ಮತ್ತೆ ಮುಚ್ಚಿತು. ಕೊಂಬೆಯಿಂದ ಇಳಿದು ಬಂದದ್ದು ಗುಬ್ಬಿ. ಅದು ನಿಂಬೆವ್ವ ಹೊಲಿದಿಟ್ಟ ಚಪ್ಪಲಿಯ ಪಕ್ಕದಲ್ಲಿ ಕುಪ್ಪಳಿಸಿ ಒಂದು ಚೂರು ಕಚ್ಚಿಕೊಂಡಿತು.

‘ನೋಡ್ರಿ ಬಾಯಾರ,’ ಎಂದಳು ಬಾಳಮ್ಮ, ‘ನಿಮ್ಮ ಕಡಿ ಸಾಕ್ಷಿ ಹೇಳಾಕ ಬಂತು.’

ಎಲ್ಲರೂ ನಗುತ್ತಿದ್ದಾಗಲೇ ಮಿಸ್ಸಮ್ಮ ಬಂದಳು. ಕುದುರೆಗೆ ನಿಜಕ್ಕೂ ಬಹಳ ನೀರಡಿಕೆಯಾಗಿದ್ದಿರಬೇಕು, ಹೊತ್ತು ನೆತ್ತಿ ದಾಟಿತ್ತು. ಟಾಂಗಾವನ್ನು ತಿರುವಿನಲ್ಲಿ ಬಿಟ್ಟು ಕುದುರೆ ಹಿಡಿದುಕೊಂಡು ಹಿಂದೆ ಬಂದಿದ್ದ ಬುರಾನುದ್ದೀನ ದೂರದಿಂದಲೇ ಅಮೃತಳ ಕಡೆ ನೋಡಿ, ಇದಕ್ಕಿಂತ ತಡ ಮಾಡಲು ಆಗಲಿಲ್ಲ ಎನ್ನುವಂತೆ ಎರಡೂ ಕೈ ಬಿಡಿಸಿ ತೋರಿಸಿದ. ಮಿಸ್ಸಮ್ಮ ಕುರ್ಚಿ ಬೇಡವೆಂದು, ನೋಯುವ ಮಂಡಿಯನ್ನು ಹಿಡಿದುಕೊಂಡು ನೆಲದ ಮೇಲೆಯೇ ಕುಳಿತಳು. ಮರೆಮ್ಮನ ಮುಖದ ಮೇಲೆ ಬಿಸಿಲು ಬಿದ್ದದ್ದು ಕಂಡು ತನ್ನ ಛತ್ರಿಯನ್ನು ಆ ಕಡೆಗೆ ವಾಲಿಸಿ ಹಿಡಿದಳು. ಆಮೇಲೆ ಮಾತೆಲ್ಲ ಮುಗಿಯುವವರೆಗೆ ಆ ಕೈ ಇಳಿಸಲಿಲ್ಲ. ಮೊದಲ ಎರಡು ಕಥೆಗಳನ್ನು ನಿಂಬೆವ್ವ, ಬಾಳಮ್ಮ ಹೇಳಿದರು, ಸರಿಯಾಗಿತ್ತು. ಮೂರನೆಯದನ್ನು ಮರೆಮ್ಮ ತಾನಾಗಿಯೇ ಎತ್ತಿಕೊಂಡಳು. ನಾಯಿ ಎಂದೇ ಹೇಳಿದಳು. ಅಮೃತಳ ಉಸಿರು ಹೊರಗೆ ಬಂತು, ಮುದುಕಿ ಮತ್ತೊಮ್ಮೆ ತನ್ನನ್ನು ಬಚಾವು ಮಾಡಿದ್ದಳು. ಆದರೆ ಕೊನೆಯಲ್ಲಿ ಆ ತಾಯಿ ಆಡಿದ ಮಾತು ಬಂದಾಗ ಮರೆಮ್ಮ ಚೂರು ಎನ್ನಲಿಲ್ಲ, ಪಾಲು ಎಂದಳು. ಮಿಸ್ಸಮ್ಮನ ಪೆನ್ಸಿಲು ನಿಂತಿತು.

‘ಅಮೃತಾ, ಈ ಅಜ್ಜಿಯವರು ಕೊನೆಯಲ್ಲಿ ಏನು ಹೇಳಿದರು? ನನಗೆ ಸರಿಯಾಗಿ ತಿಳಿಯಲಿಲ್ಲ.’

ಚೂರು ಎಂದರು ಎನ್ನಬಹುದಿತ್ತು. ಮಿಸ್ಸಮ್ಮನಿಗೆ ಈ ಕಡೆಯ ಮಾತು ಅರ್ಧ ತಿಳಿಯದು. ಮುದುಕಿಯ ಬಾಯಲ್ಲಿ ಹಲ್ಲೂ ಇಲ್ಲ. ಒಂದೇ ಒಂದು ಶಬ್ದ. ಗುಬ್ಬಿಗಿಂತ ಚಿಕ್ಕದು. ಅಮೃತ ಬಾಳಮ್ಮನನ್ನು ನೋಡಿದಳು; ಬಾಳಮ್ಮ, ನೀವು ಏನು ಹೇಳಿದರೂ ನಡೆಯುತ್ತದೆ ಎನ್ನುವಂತೆ ಬೇರೆ ಕಡೆ ನೋಡಿದಳು. ಆ ಸೌಜನ್ಯ ತಡೆದುಕೊಳ್ಳುವುದು ಕಷ್ಟವಾಯಿತು.

‘ಪಾಲು ಅಂದರು,’ ಎಂದಳು ಅಮೃತ. ‘ನಾಯಿಗೂ ಅದರದೇ ಪಾಲು ಇದೆ, ಅದು ಬೇಡಿದ್ದಲ್ಲ ಎಂದರು. ಇನ್ನೊಂದು ಮಾತು. ಮೂರು ವಾರದ ಹಿಂದೆ ನಾನು ನಾಯಿ ಎಂದು ಓದದೆ ಗುಬ್ಬಿ ಎಂದು ಓದಿದ್ದೆ. ಅದು ನನ್ನ ತಪ್ಪು. ಇವರು ತಿದ್ದಿದರು.’

ಮಿಸ್ಸಮ್ಮ ತಾನು ಬರೆದುಕೊಂಡದ್ದನ್ನು ಮೊದಲಿನಿಂದ ಮತ್ತೊಮ್ಮೆ ಓದಿದಳು. ಜೇವರ್ಗಿಯಲ್ಲಿ ದತ್ತಪ್ಪನಿಗೆ ಜೊತೆ ಸಿಗುತ್ತದೆ ಎಂದುಕೊಂಡಳು ಅಮೃತ. ಎತ್ತುಗಳ ಹೆಸರಾದರೂ ಮೊದಲೇ ಕೇಳಿಕೊಂಡಿದ್ದರೆ ಚೆನ್ನಾಗಿತ್ತು.

‘ಗುಬ್ಬಿಯ ವಿಷಯ ನಾವು ಆಳಂದದಲ್ಲಿ ಮಾತಾಡೋಣ,’ ಎಂದಳು ಮಿಸ್ಸಮ್ಮ ಕೊನೆಗೆ. ಹೊಸ ಪುಟ ತಿರುವಿದಳು. ‘ಪಾಲು ಎಂಬ ಅರ್ಥ ನನಗೆ ಯಾವ ವ್ಯಾಖ್ಯಾನದಲ್ಲಿಯೂ ಸಿಕ್ಕಿಲ್ಲ. ಇದನ್ನು ಇಲ್ಲಿ ಮೊದಲು ಕಲಿಸಿದವರು ಯಾರು? ಯಾವ ಪಾದ್ರಿ?’

ಅಮೃತ ಮರೆಮ್ಮನ ಕಡೆ ನೋಡಿದಳು. ಮುದುಕಿಯ ತಲೆ ಓರೆಯಾಗಿತ್ತು.

‘ಪಾದ್ರಿ ಅಲ್ಲ. ಇದೇ ಕೇರಿಯವರು. ತೀರಿಕೊಂಡು ಇಪ್ಪತ್ತು ವರ್ಷವಾಯಿತು.’

‘ದೀಕ್ಷಾಸ್ನಾನ ಆಗಿತ್ತೇ?’

‘ಇಲ್ಲ.’

‘ನಿನಗೆ ಅವರ ಪರಿಚಯ ಹೇಗೆ?’

‘ನನ್ನ ತಾಯಿ.’

ಮಿಸ್ಸಮ್ಮ ತಲೆಯೆತ್ತಿ ಅವಳನ್ನು ನೋಡಿದಳು. ಆ ದಫ್ತರಿನ ಸಾಲು ಆಕೆಗೆ ನೆನಪಿದ್ದಿರಬೇಕು. ಅದರ ಬಗ್ಗೆ ಏನನ್ನೂ ಕೇಳಲಿಲ್ಲ. ಪೆನ್ಸಿಲನ್ನು ನಾಲಿಗೆಗೆ ತಾಗಿಸಿ, ಹೆಸರು ಹೇಳು ಎಂದಳು. ಅಮೃತ ಹೇಳಿದಳು. ಅರ್ಧವೇ ಹೊರಗೆ ಬಂತು. ಮಿಸ್ಸಮ್ಮ ದುಂಡನೆಯ ಅಕ್ಷರಗಳಲ್ಲಿ ನಿಧಾನವಾಗಿ ಎರಡು ಅಕ್ಷರ ಬರೆದು ನಿಲ್ಲಿಸಿದಳು.

‘ಮಲ್ಕಿ?’ ಎಂದು ಕೇಳಿದಳು.

‘ಮಲ್ಕಮ್ಮ ರೀ,’ ಎಂದಳು ಅಮೃತ. ಕೊನೆಯಲ್ಲಿ ದನಿ ತಾನಾಗಿ ಎಳೆಯಿತು, ಓಣಿಯ ಆ ತುದಿಯಲ್ಲಿ ಕುದುರೆ ಹಿಡಿದು ನಿಂತಿದ್ದ ಬುರಾನುದ್ದೀನ ತಿರುಗಿ ನೋಡುವಷ್ಟು.